ಸರ್ವೇಯರ್ ತಬ್ಬಿಕೊಂಡು ನಿಂತ ಬೈಕು

ವಾಹನ ವಿಮೆಯ ಕಂಪನಿಯಲ್ಲಿ ಸರ್ವೇಯರ್ ಆಗಿದ್ದವನ ಕಣ್ಣಿಗೆ ಜಗತ್ತಿನಲ್ಲಿ ನೆಟ್ಟಗಿರುವುದು ಯಾವುದೂ ಬೀಳುತ್ತಿರಲಿಲ್ಲ. ಅವನ ಕೆಲಸವೇ ಹಾಗಿತ್ತು. ನಜ್ಜುಗುಜ್ಜಾದ ಕಾರು, ಸೊಟ್ಟಗಾದ ಸ್ಕೂಟರು, ಒಡೆದ ಹೆಡ್‌ಲೈಟು, ಇವುಗಳ ಸುತ್ತ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡು ಒಂದು ಸುತ್ತು ಬಂದು, ಫೋಟೊ ಹೊಡೆದು, ತಪ್ಪು ಓಡಿಸಿದವನದೇ ಎಂದು ಬರೆದು ಕೈ ತೊಳೆದುಕೊಳ್ಳುವುದು. ಸಂಜೆ ಮನೆಗೆ ಬಂದ ಮೇಲೂ ಆ ಕೈಗಳು ಬೆನ್ನು ಬಿಟ್ಟು ಬರುತ್ತಿರಲಿಲ್ಲ. ಹೆಂಡತಿ ಬೇಯಿಸಿದ ಪಲ್ಯ, ತಮ್ಮ ತಂದ ಫ್ಯಾನು, ಎದುರು ಮನೆಯ ಟೈಲರ್ ಗೇಟಿಗೆ ಬಳಿಸಿದ ಬಣ್ಣ, ಎಲ್ಲಕ್ಕೂ ಒಂದು ಪ್ರದಕ್ಷಿಣೆ. ಆಮೇಲೆ ಮೂಗಿನಿಂದ ಒಂದು "ಹೂಂ". ಆ ಹೂಂ ಎಂಬುದರಲ್ಲಿ, ನನ್ನನ್ನು ಕೇಳದೆ ಮಾಡಿದಿರಲ್ಲ, ಅನುಭವಿಸಿ ಎಂಬ ಅರ್ಥವಿರುತ್ತಿತ್ತು. ಅವನು ತನ್ನ ಕೈಯಾರೆ ಒಂದು ಬೋಲ್ಟು ಬಿಚ್ಚಿದ್ದನ್ನು ಮಾತ್ರ ಯಾರೂ ಕಂಡಿರಲಿಲ್ಲ.

ಮನೆಯ ಕೆಳಗಿನ ಅಂತಸ್ತಿನಲ್ಲಿ ಸರ್ವೇಯರ್ ಮತ್ತು ಅವನ ಹೆಂಡತಿ ಇದ್ದರು, ಮೇಲಿನದರಲ್ಲಿ ತಮ್ಮ ಮತ್ತು ಅವನ ಹೆಂಡತಿ. ಓರಗಿತ್ತಿಯರಿಬ್ಬರನ್ನೂ ಮನೆಯಲ್ಲಿ ದೊಡ್ಡವಳು, ಚಿಕ್ಕವಳು ಎಂದೇ ಕರೆಯುವುದು ರೂಢಿ. ದೊಡ್ಡವಳದು ಮಾತು ಕಡಿಮೆ. ಮಾತಾಡಿದರೆ ಗಂಡ "ನಿನಗೆ ತಿಳಿಯಲ್ಲ, ಸುಮ್ನಿರು" ಅನ್ನುತ್ತಿದ್ದ. ಕೇಳಿ ಕೇಳಿ ಅವಳಿಗೂ ಅದು ನಿಜವೇ ಇರಬೇಕು ಅನ್ನಿಸಿಬಿಟ್ಟಿತ್ತು. ಚಿಕ್ಕವಳು ಹಾಗಲ್ಲ. ಅವಳು ಕಟ್ಟು ಹಲ್ಲು ತಯಾರಿಸುವ ಲ್ಯಾಬಿನಲ್ಲಿ ಕೆಲಸ ಮಾಡುತ್ತಿದ್ದಳು. ದಿನವಿಡೀ ಬೇರೆಯವರ ಬಾಯಿಗೆ ಹಲ್ಲು ಕೂರಿಸುವವಳ ನಾಲಿಗೆಗೂ ಹಲ್ಲಿದೆ ಎಂದು ತಮ್ಮನೇ ಗೆಳೆಯರ ಮುಂದೆ ಹೇಳಿಕೊಂಡು ನಗುತ್ತಿದ್ದ, ಅವಳಿಲ್ಲದಾಗ.

ಚಿಕ್ಕವಳಿಗೊಂದು ಬೈಕಿತ್ತು. ಸ್ಕೂಟರಲ್ಲ, ಗೇರಿನ ಭಾರದ ಬೈಕು. ಅದಕ್ಕೆ ಪಕ್ಕದ ಸ್ಟ್ಯಾಂಡ್ ಮಾತ್ರ, ನಡುವಿನ ಸ್ಟ್ಯಾಂಡ್ ಇರಲಿಲ್ಲ. ಹಿಂದಿನ ಚಕ್ರ ನೆಲ ಬಿಟ್ಟು ಏಳದಿದ್ದರೆ ಚೈನು ತೊಳೆಯುವುದು ದೊಡ್ಡ ಗೋಳು. ಒಂದು ಗೇಣು ಉಜ್ಜುವುದು, ಎದ್ದು ಬೈಕನ್ನು ತುಸು ಮುಂದಕ್ಕೆ ತಳ್ಳುವುದು, ಮತ್ತೆ ಕುಕ್ಕರುಗಾಲಲ್ಲಿ ಕೂತು ಇನ್ನೊಂದು ಗೇಣು ಉಜ್ಜುವುದು. ಸೊಂಟ ಹಿಡಿದುಹೋದ ಒಂದು ಭಾನುವಾರ ಅವಳು ಒಂದು ಸ್ಟ್ಯಾಂಡ್ ತರಿಸಲೇಬೇಕು ಎಂದು ತೀರ್ಮಾನಿಸಿದಳು.

"ಸ್ಟ್ಯಾಂಡಾ?" ಅಂದ ಸರ್ವೇಯರ್, ಟೀ ಹೀರುತ್ತಾ. "ಏನಕ್ಕಮ್ಮಾ, ಬಟ್ಟೆ ಒಣಗಿಸೋಕಾ?"

"ಬೈಕ್ ಎತ್ತಿ ನಿಲ್ಸೋಕೆ ಭಾವ."

"ಹೂಂ."

ಫೋನಿನಲ್ಲಿ ಹುಡುಕಿದಾಗ ಅವಳಿಗೆ ಎರಡು ಬಗೆಯ ಸ್ಟ್ಯಾಂಡುಗಳು ಕಂಡವು. ಎರಡೂ ಹಿಂದಿನ ಚಕ್ರವನ್ನು ಎತ್ತುವಂಥವೇ, ಉದ್ದ ಹಿಡಿಯನ್ನು ಕೆಳಕ್ಕೆ ಒತ್ತಿದರೆ ಬೈಕಿನ ಹಿಂಭಾಗ ಮೇಲೇಳುತ್ತದೆ. ಒಂದರಲ್ಲಿ ಚಪ್ಪಟೆ ರಬ್ಬರಿನ ಅಂಗೈಗಳಿದ್ದವು. ಚಕ್ರವನ್ನು ಎರಡು ಬದಿಯಿಂದ ಹಿಡಿದಿರುವ ಕಬ್ಬಿಣದ ತೋಳಿನ ಕೆಳಗೆ ಅವನ್ನು ಕೊಟ್ಟರೆ ಸಾಕು. ಇನ್ನೊಂದರಲ್ಲಿ ಕೊಕ್ಕೆಗಳು, ಅದಕ್ಕೆ ಮೊದಲು ಬೈಕಿನ ತೋಳಿಗೆ ದಾರದ ರೀಲಿನಂಥ ಗುಂಡು ಬೋಲ್ಟು ಕೂರಿಸಬೇಕು. ಆಮೇಲೆ ಕೊಕ್ಕೆ ಆ ಬೋಲ್ಟನ್ನು ಕಚ್ಚಿ ಹಿಡಿಯುತ್ತದೆ. ಬೋಲ್ಟು ಹುಡುಕಿ, ಕೂರಿಸಿ, ಯಾರಿಗೆ ಬೇಕು ಆ ರಗಳೆ ಎಂದು ಚಿಕ್ಕವಳು ಚಪ್ಪಟೆ ರಬ್ಬರಿನದನ್ನೇ ತರಿಸಿದಳು. ಆತುರ ಅವಳದೇ, ಸೋಮಾರಿತನವೂ ಅವಳದೇ.

ಮೊದಲ ಸಲ ಎತ್ತಿದಾಗ ಬೈಕು ಸರಾಗವಾಗಿ ಎದ್ದಿತು. ಅವಳು ಹಿಗ್ಗಿ ಒಂದು ಕೈ ಬಿಟ್ಟಳು. ಎಡಗಡೆಯ ರಬ್ಬರು ಎಣ್ಣೆ ಜಿಡ್ಡಿನ ಮೇಲೆ ಸರಕ್ಕನೆ ಜಾರಿತು. ಬೈಕು ಅವಳ ಕಡೆಗೆ ಬೀಳದೆ ಆಚೆ ಗೋಡೆಗೆ ಒರಗಿ, ಕೆರೆದುಕೊಂಡು, ಧೊಪ್ಪನೆ ಮಲಗಿತು. ಕನ್ನಡಿ ಪುಡಿಯಾಯಿತು, ಕ್ಲಚ್ಚಿನ ಹಿಡಿ ಬಾಗಿತು.

ಸದ್ದಿಗೆ ಮೊದಲು ಹೊರಗೆ ಬಂದವನು ಸರ್ವೇಯರ್. ಅವನು ಬೈಕು ಎತ್ತಲು ಬಗ್ಗಲಿಲ್ಲ, ಏಟಾಯಿತೇ ಎಂದು ಕೇಳಲಿಲ್ಲ. ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡು ಒಂದು ಸುತ್ತು ಬಂದ. ಫೋನು ತೆಗೆದು ಆ ಕಡೆಯಿಂದ, ಈ ಕಡೆಯಿಂದ ಫೋಟೊ ಹೊಡೆದ. ಚಿಕ್ಕವಳು ಇನ್ನೂ ಹ್ಯಾಂಡಲ್ ಹಿಡಿದು ಏದುತ್ತಿರುವಾಗಲೇ ಆ ಫೋಟೊ ನೆಂಟರಿಷ್ಟರ ಗುಂಪಿಗೆಲ್ಲ ಹೋಗಿ ತಲುಪಿತು. ಕೆಳಗೆ ಒಂದೇ ಸಾಲು: "ವಾಹನದ ದೋಷವಿಲ್ಲ."

ಅವಳಿಗೆ ಮೈಯೆಲ್ಲ ಉರಿಯಿತು. ಅವನ ಮೇಲೆ ಅರ್ಧ, ಜಿಡ್ಡು ಒರೆಸದೆ ಎತ್ತಿದ ತನ್ನ ಮೇಲೆ ಅರ್ಧ. ಅದಕ್ಕೇ ಬಾಯಿ ಬಿಡಲಾಗಲಿಲ್ಲ.

ಆ ಮೌನವನ್ನು ಸರ್ವೇಯರ್ ಸೋಲಿನ ರುಜು ಎಂದುಕೊಂಡ. ಅವತ್ತು ಸಂಜೆ ಎಲ್ಲರನ್ನೂ ಕೂರಿಸಿಕೊಂಡು ಭಾಷಣ ಬಿಗಿದ. ಇಂಥ ಆಟದ ಸಾಮಾನು ತರುವುದೇ ತಪ್ಪು. ಬೈಕನ್ನು ಬಾಲ ಹಿಡಿದು ಎತ್ತುವುದಲ್ಲ, ಹೊಟ್ಟೆಗೆ ಕೈಕೊಟ್ಟು ಎತ್ತಬೇಕು. ಕತ್ತರಿ ಜ್ಯಾಕ್ ಅಂತ ಬರುತ್ತದೆ, ಅದನ್ನು ತಾನೇ ಆರಿಸಿ ತರಿಸುತ್ತೇನೆ.

"ಭಾವ, ನನ್ನ ಬೈಕಿನ ಹೊಟ್ಟೆ ಕೆಳಗೆ ಸೈಲೆನ್ಸರ್ ಪೈಪ್ ಹೋಗುತ್ತೆ. ಕೆಳಗಿಂದ ಎತ್ತೋ ಜ್ಯಾಕ್‌ಗೆ ಅಲ್ಲಿ ಸಮ ಜಾಗ ಇಲ್ಲ," ಅಂದಳು ಚಿಕ್ಕವಳು.

"ನಾನು ಎಷ್ಟು ಬೈಕ್ ನೋಡಿದ್ದೀನಿ ಅಂತ ನಿನಗೆ ಗೊತ್ತೇನಮ್ಮಾ?"

"ಗೊತ್ತು ಭಾವ. ಎಲ್ಲಾ ಬಿದ್ದಿರೋವೇ."

ತಮ್ಮ ಕೆಮ್ಮಿದ. ದೊಡ್ಡವಳು ಲೋಟಗಳನ್ನು ಎತ್ತಿಕೊಂಡು ಒಳಗೆ ಹೋದಳು, ಅವಳ ಭುಜ ಸ್ವಲ್ಪ ಅಲುಗಿದಂತಿತ್ತು. ಸರ್ವೇಯರ್ ಮಾತ್ರ ಕೇಳಿಸದವನಂತೆ ಫೋನಿನಲ್ಲಿ ಜ್ಯಾಕುಗಳ ಚಿತ್ರ ಸರಿಸುತ್ತಾ ಕೂತ. ಅತಿ ಹೆಚ್ಚು ಭಾರ ಎತ್ತುವುದು ಯಾವುದೋ ಅದನ್ನೇ ಆರಿಸಿದ. ಬೈಕಿನ ಕೆಳಗೆ ಬಗ್ಗಿ ನೋಡುವ ಗೋಜಿಗೆ ಹೋಗಲಿಲ್ಲ. ಬಗ್ಗಿ ನೋಡುವುದು ಮೆಕ್ಯಾನಿಕ್ಕುಗಳ ಕೆಲಸ ಎಂಬುದು ಅವನ ಅಭಿಪ್ರಾಯ.

ಜ್ಯಾಕು ಬಂತು. ಕೆಂಪು ಬಣ್ಣದ್ದು, ಹೆಣಭಾರ. ಬಿಡುವಿನ ಒಂದು ಬೆಳಿಗ್ಗೆ ತಮ್ಮ ಮತ್ತು ಚಿಕ್ಕವಳು ಅವಳ ತವರಿಗೆಂದು ಬಸ್ಸಿನಲ್ಲಿ ಹೋಗಿದ್ದರು. ಅವರು ಬರುವಷ್ಟರಲ್ಲಿ ಬೈಕು ಗಾಳಿಯಲ್ಲಿ ನಿಂತಿರಬೇಕು, ಅದನ್ನು ನೋಡಿ ಅವಳ ಬಾಯಿ ಕಟ್ಟಬೇಕು ಎಂಬುದು ಸರ್ವೇಯರನ ಆಸೆ. ಶೆಡ್ಡಿನಲ್ಲಿ ಬೈಕಿನ ಪಕ್ಕಕ್ಕೇ ಅವನ ಕಾರು ನಿಂತಿತ್ತು. ಹಿಂದಿನ ದಿನವಷ್ಟೇ ಮೇಣ ಹಚ್ಚಿಸಿ ತಂದಿದ್ದ ಕಾರು. ಮುಖ ನೋಡಿಕೊಂಡು ತಲೆ ಬಾಚಿಕೊಳ್ಳಬಹುದಿತ್ತು. ಕಾರಿಗೂ ಬೈಕಿಗೂ ನಡುವೆ ಒಬ್ಬ ಮನುಷ್ಯ ಅಡ್ಡಡ್ಡ ನಡೆಯುವಷ್ಟು ಜಾಗ.

ಜ್ಯಾಕನ್ನು ಬೈಕಿನ ಕೆಳಗೆ ತಳ್ಳಿದಾಗ ಅವಳು ಹೇಳಿದ ಪೈಪು ಎದುರಾಯಿತು. ಅವಳು ಹೇಳಿದ್ದು ಸರಿ ಎಂದು ಒಪ್ಪಿಕೊಳ್ಳುವ ಬದಲು ಅವನು ಒಂದು ಹಲಗೆ ತುಂಡು ತಂದು ಜ್ಯಾಕಿಗೂ ಪೈಪಿಗೂ ನಡುವೆ ತುರುಕಿದ. ಬೈಕನ್ನು ಹಗ್ಗದಿಂದಲೋ ಬೆಲ್ಟಿನಿಂದಲೋ ಬಿಗಿಯಬೇಕೆಂದು ಜ್ಯಾಕಿನ ಡಬ್ಬದ ಮೇಲೆ ಚಿತ್ರವೇ ಇತ್ತು. ಚಿತ್ರ ನೋಡಿ ಕಲಿಯಲು ತಾನೇನು ಮಗುವೇ? ಸ್ಪ್ಯಾನರ್ ಹಾಕಿ ತಿರುಗಿಸಿದ. ಪಕ್ಕದ ಸ್ಟ್ಯಾಂಡ್ ನೆಲ ಬಿಟ್ಟಿತು. ಹಿಂದಿನ ಚಕ್ರ ಎದ್ದಿತು, ಮುಂದಿನದೂ ಎದ್ದಿತು. ಇಷ್ಟೇ ತಾನೆ ಎಂದುಕೊಂಡು ಆ ಪಕ್ಕದ ಸ್ಟ್ಯಾಂಡನ್ನೂ ಕಾಲಿನಿಂದ ಮಡಚಿದ. ಸ್ಪ್ಯಾನರ್ ಕೆಳಗಿಟ್ಟು, ಹಿಂದೆ ಸರಿದು, ಕೈಯನ್ನು ಬೆನ್ನಿಗೆ ಕಟ್ಟಿಕೊಂಡು ತನ್ನ ಕೆಲಸಕ್ಕೆ ತಾನೇ ಸುತ್ತು ಬರತೊಡಗಿದ. ಕಾರಿನ ಬದಿಗೆ ಬಂದು ಫೋಟೊಗೆಂದು ಫೋನು ಎತ್ತಿದ.

ಬೈಕು ಮೆಲ್ಲಗೆ ತಲೆದೂಗಿತು. ಆಮೇಲೆ ಇಡೀ ಮೈ ವಾಲಿಸಿಕೊಂಡು ಅವನ ಕಡೆಗೇ ಬಂತು.

ಫೋನು ಹಾರಿಹೋಯಿತು. ಅವನು ಒಂದು ಕೈಯಲ್ಲಿ ಹ್ಯಾಂಡಲನ್ನು, ಇನ್ನೊಂದರಲ್ಲಿ ಸೀಟಿನ ಹಿಂದಿನ ಕಂಬಿಯನ್ನು ಹಿಡಿದು, ಎದೆ ಕೊಟ್ಟು ತಡೆದ. ಬೆನ್ನು ಕಾರಿನ ಬಾಗಿಲಿಗೆ ಒತ್ತಿಕೊಂಡಿತು. ಹಲಗೆ ಅರ್ಧ ಜಾರಿ ಕಟಕಟ ಅಂದಿತು. ಬಿಟ್ಟರೆ ಬೈಕು ಕಾರಿನ ಮೇಲೆ. ಕಾರಿಗಿಂತ ಮೊದಲು ತನ್ನ ಮೇಲೆ. ಕೈ ಬಿಡುವಂತಿಲ್ಲ, ಬಗ್ಗುವಂತಿಲ್ಲ, ಸ್ಪ್ಯಾನರ್ ಕಣ್ಣಿಗೆ ಕಾಣುತ್ತದೆ, ಕಾಲಿಗೆ ಎಟುಕುವುದಿಲ್ಲ. ಹೀಗೆ ಸರ್ವೇಯರ್ ತಮ್ಮನ ಹೆಂಡತಿಯ ಬೈಕನ್ನು ತಬ್ಬಿಕೊಂಡು ನಿಂತ.

ಸ್ವಲ್ಪ ಹೊತ್ತಿಗೆ ಎದುರು ಮನೆಯ ಟೈಲರ್ ಗೇಟಿನ ಬಳಿ ಬಂದು ಇಣುಕಿದ.

"ಏನ್ ಸಾರ್, ಗಾಡಿ ತಬ್ಕೊಂಡಿದ್ದೀರಾ?"

"ಬ್ಯಾಲೆನ್ಸ್ ನೋಡ್ತಿದ್ದೀನಿ."

"ಮುಖ ಕೆಂಪಾಗಿದೆ ಸಾರ್. ಒಂದು ಕೈ ಹಿಡೀಲಾ?"

ಇದೇ ಟೈಲರ್ ಹೊಲಿದ ಪ್ಯಾಂಟನ್ನು ಸರ್ವೇಯರ್ ಒಮ್ಮೆ ಬೀದಿಯಲ್ಲೇ ಬಿಡಿಸಿ ಹಿಡಿದು, ಇದನ್ನು ಹಾಕಿಕೊಳ್ಳುವುದೋ ಒಲೆ ಒರೆಸುವುದೋ ಎಂದು ಕೇಳಿದ್ದ. ಅಂಥವನ ಕೈ ಹಿಡಿಸಿಕೊಳ್ಳುವುದೇ? "ನೀನು ಹೋಗಿ ನಿನ್ನ ಕಾಜಾ ಹೊಲ್ಕೋ ಹೋಗಪ್ಪ," ಅಂದ. ಟೈಲರ್ ಹೋದ. ದೂರ ಹೋಗಲಿಲ್ಲ, ತನ್ನ ಜಗುಲಿಯ ಮೇಲೆ, ಇಲ್ಲಿಗೆ ಚೆನ್ನಾಗಿ ಕಾಣುವಂತೆ, ಕುರ್ಚಿ ಹಾಕಿಕೊಂಡು ಕೂತ.

ಬೆವರು ಹುಬ್ಬಿನಿಂದ ಕಣ್ಣಿಗಿಳಿದು ಉರಿಯಿತು. ಆಗ ದೊಡ್ಡವಳು ಹುರುಳಿಕಾಯಿಯ ನಾರು ಚೆಲ್ಲಲು ಹೊರಗೆ ಬಂದಳು. ಗಂಡನನ್ನು ನೋಡಿ ನಿಂತಳು.

"ಏನಾಯ್ತು? ಹಿಡ್ಕೊಳ್ಲಾ?"

ಆ ಕ್ಷಣ "ಹೂಂ" ಅಂದಿದ್ದರೆ ಸಾಕಿತ್ತು. ಜೀವನವಿಡೀ ಬೇಡದ ಕಡೆಯೆಲ್ಲ ಹೂಂ ಅಂದವನಿಗೆ ಬೇಕಾದ ಕಡೆ ಅದು ಬರಲಿಲ್ಲ. ಬಾಯಿ ತನ್ನ ಅಭ್ಯಾಸದಂತೆ ಆಡಿತು: "ಮುಟ್ಬೇಡ. ನಿನಗೆ ತಿಳಿಯಲ್ಲ. ಒಳಗೆ ಹೋಗು."

ದೊಡ್ಡವಳು ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ನಡುಗುವ ಮೊಣಕಾಲು, ಕಾರಿಗೆ ಒತ್ತಿ ಚಪ್ಪಟೆಯಾದ ಬೆನ್ನು, ಮೂಗಿನ ತುದಿಯಲ್ಲಿ ತೂಗುತ್ತಿದ್ದ ಬೆವರ ಹನಿ. "ಸರಿ," ಅಂದು ಒಳಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡಳು. ಅಡುಗೆಮನೆಯಲ್ಲಿ ಹುರುಳಿಕಾಯಿ ಮುರಿಯುವ ಸದ್ದು ಟಕ್, ಟಕ್ ಎಂದು ಶೆಡ್ಡಿನವರೆಗೆ ಕೇಳಿಸುತ್ತಿತ್ತು. ಅವಳು ಆತುರಪಡಲಿಲ್ಲ.

ಕೊನೆಗೆ ಅವನು ಕೂಗಿದ. ಮೊದಲು ಮೆಲ್ಲಗೆ, ಟೈಲರಿಗೆ ಕೇಳದಂತೆ. ಆಮೇಲೆ ಗಟ್ಟಿಯಾಗಿ. ಆಮೇಲೆ, ಬೀದಿಯೇ ತಿರುಗಿ ನೋಡುವಂತೆ, "ಏ ಬಾರೇ! ಸತ್ತೇಹೋಗ್ತೀನಿ!"

ಅವಳು ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಬಂದಳು. ಸ್ಪ್ಯಾನರ್ ಎತ್ತಿಕೊಂಡು ಜ್ಯಾಕಿಗೆ ಹಾಕಿದಳು.

"ಯಾವ ಕಡೆ ತಿರುಗಿಸ್ಲಿ?"

"ಬಲಕ್ಕೆ!"

"ಬಲಕ್ಕೆ ತಿರುಗಿಸಿದ್ರೆ ಮೇಲಕ್ಕೆ ಹೋಗಲ್ವಾ?"

"ನಾನ್ ಹೇಳ್ದಷ್ಟು ಮಾಡೇ!"

ಬಲಕ್ಕೆ ತಿರುಗಿಸಿದಳು. ಬೈಕು ಇನ್ನಷ್ಟು ಮೇಲೆದ್ದು ಇನ್ನಷ್ಟು ಅವನ ಎದೆಗೆ ಬಂತು. ಸರ್ವೇಯರನ ಬಾಯಿಂದ ಬಂದ ಸದ್ದಿಗೆ ಅಕ್ಷರವಿಲ್ಲ. ಬಸ್ಸಿಳಿದು ಬೀದಿ ತಿರುವಿನಲ್ಲಿ ಬರುತ್ತಿದ್ದ ತಮ್ಮ ಮತ್ತು ಚಿಕ್ಕವಳಿಗೆ ಅದು ಕೇಳಿಸಿತು.

ಚಿಕ್ಕವಳು ಗೇಟು ತಳ್ಳಿಕೊಂಡು ಬಂದವಳೇ ಒಂದು ನೋಟದಲ್ಲಿ ಎಲ್ಲವನ್ನೂ ತಿಳಿದಳು. "ರೀ, ನೀವು ಆ ಕಡೆಯಿಂದ ಸೀಟ್ ಎಳೆದು ಹಿಡೀರಿ," ಅಂದಳು ಗಂಡನಿಗೆ. ಕರೆಯುವ ಮೊದಲೇ ಟೈಲರ್ ಓಡಿ ಬಂದು ಹ್ಯಾಂಡಲ್ ಹಿಡಿದ. ಅವಳು ಕಾಲಿನಿಂದ ಪಕ್ಕದ ಸ್ಟ್ಯಾಂಡ್ ಹೊರಕ್ಕೆ ಚಾಚಿದಳು. "ಅಕ್ಕಾ, ಎಡಕ್ಕೆ ತಿರುಗಿಸಿ. ನಿಧಾನ."

"ನಾನೂ ಅದನ್ನೇ ಅಂದೆ ಕಣೇ," ಅಂದಳು ದೊಡ್ಡವಳು, ತಿರುಗಿಸುತ್ತಾ. ಅವಳ ಕೈ ಹದವಾಗಿತ್ತು. ಬೈಕು ಕುಲುಕದೆ ಇಳಿದು, ಚಕ್ರ ನೆಲ ಮುಟ್ಟಿ, ಸ್ಟ್ಯಾಂಡಿನ ಮೇಲೆ ಒರಗಿ ನಿಂತಿತು.

ಎಲ್ಲರೂ ಕೈ ತೆಗೆದರು, ಸರ್ವೇಯರ್ ಒಬ್ಬನನ್ನು ಬಿಟ್ಟು. ಅವನ ಬೆರಳು ಮರಗಟ್ಟಿ ಬಿಚ್ಚಿಕೊಳ್ಳಲೇ ಇಲ್ಲ. ತಮ್ಮ ಒಂದೊಂದಾಗಿ ಬಿಡಿಸಿದ. ಬಿಡಿಸಿಕೊಂಡವನು ಮುಖ ಒರೆಸಿಕೊಂಡು, ಗಂಟಲು ಸರಿಮಾಡಿಕೊಂಡು, ಗಂಭೀರವಾಗಿ ಹೇಳಿದ:

"ಜ್ಯಾಕಲ್ಲಿ ತಯಾರಿಕೆಯ ದೋಷ ಇದೆ."

ಚಿಕ್ಕವಳು ಬಗ್ಗಿ ಪೈಪು ನೋಡುತ್ತಿದ್ದಳು, ಹಲಗೆ ಒತ್ತಿದ ಕಡೆ ಅದು ತಗ್ಗಾಗಿತ್ತು. ಚುಚ್ಚಲು ಅವಳ ನಾಲಿಗೆಯ ತುದಿಯಲ್ಲಿ ಸಾಕಷ್ಟಿತ್ತು. ಆದರೆ ಮಾತಾಡಿದ್ದು ದೊಡ್ಡವಳು. ಅವಳು ಸ್ಪ್ಯಾನರ್ ಹಿಡಿದುಕೊಂಡೇ ಗಂಡನನ್ನು ದಿಟ್ಟಿಸುತ್ತಿದ್ದಳು. ಮುಖದಲ್ಲಿ ಸಿಟ್ಟಿರಲಿಲ್ಲ, ಬೆರಗಿತ್ತು.

"ನೋಡೇ," ಅಂದಳು ಓರಗಿತ್ತಿಗೆ, ಗಂಡ ಅಲ್ಲಿ ಇಲ್ಲವೇ ಇಲ್ಲವೇನೋ ಎಂಬಂತೆ. "ಇಷ್ಟು ವರ್ಷ ನಾನು ಹೆದರಿಕೊಂಡಿದ್ದು ಇದಕ್ಕಾ?"

ಟೈಲರ್ ಫಕ್ಕನೆ ನಕ್ಕು, ನಕ್ಕದ್ದನ್ನು ಕೆಮ್ಮು ಮಾಡಲು ಹೋಗಿ, ಆಗದೆ ತನ್ನ ಮನೆಗೆ ಓಡಿದ. ಸರ್ವೇಯರ್ ಹಾರಿಹೋದ ತನ್ನ ಫೋನು ಹುಡುಕಲು ಕಾರಿನ ಕೆಳಗೆ ಬಗ್ಗಿದ.

ಜ್ಯಾಕನ್ನು ಅಂಗಡಿಯವರು ವಾಪಸ್ ತೆಗೆದುಕೊಳ್ಳಲಿಲ್ಲ. ಅದು ಶೆಡ್ಡಿನ ಮೂಲೆಯಲ್ಲಿ ತುಕ್ಕು ಹಿಡಿಯುತ್ತಾ ಬಿದ್ದಿತು. ಸರ್ವೇಯರನ ಭುಜ ಹಿಡಿದುಹೋಗಿ, ಅವನು ಬಹಳ ದಿನ ಬಿಸಿನೀರಿನ ಚೀಲ ಇಟ್ಟುಕೊಂಡು ಕೂರಬೇಕಾಯಿತು. ಆಫೀಸಿನಲ್ಲಿ ಮಾತ್ರ, ಬೀಳುತ್ತಿದ್ದ ಬೈಕನ್ನು ಒಬ್ಬನೇ ಹಿಡಿದು ನಿಲ್ಲಿಸಿ ಒಂದು ಅನಾಹುತ ತಪ್ಪಿಸಿದೆ ಎಂದು ಹೇಳಿಕೊಂಡನಂತೆ. ಕೇಳಿದವರು ನಂಬಿದರಂತೆ, ನಂಬದವರೂ ತಲೆಯಾಡಿಸಿದರಂತೆ.

ಚಿಕ್ಕವಳು ರಗಳೆ ಬೇಡವೆಂದು ಬಿಟ್ಟಿದ್ದ ಕೊಕ್ಕೆಯ ಸ್ಟ್ಯಾಂಡನ್ನೇ ತರಿಸಿದಳು. ತೋಳಿಗೆ ಗುಂಡು ಬೋಲ್ಟುಗಳನ್ನು ಕೂರಿಸಿ, ಜಿಡ್ಡನ್ನು ಎರಡೆರಡು ಸಲ ಒರೆಸಿದಳು. ದೊಡ್ಡವಳು ಮುಂದೆ ನಿಂತು ಬೈಕನ್ನು ನೆಟ್ಟಗೆ ಹಿಡಿದಳು, ಚಿಕ್ಕವಳು ಹಿಂದೆ ಹಿಡಿ ಒತ್ತಿದಳು. ಕೊಕ್ಕೆಗಳು ಬೋಲ್ಟನ್ನು ಕಚ್ಚಿ ಹಿಡಿದವು. ಹಿಂದಿನ ಚಕ್ರ ನೆಲ ಬಿಟ್ಟಿತು. ದೊಡ್ಡವಳು ಬೆರಳಲ್ಲಿ ತಳ್ಳಿದಳು; ಚಕ್ರ ಸದ್ದಿಲ್ಲದೆ ತಿರುಗಿತು. "ಅಷ್ಟೇನಾ!" ಅಂದಳು ಅವಳು, ಮತ್ತೊಮ್ಮೆ ತಳ್ಳಿ.

ಕಿಟಕಿಯ ಕಂಬಿಗಳ ಹಿಂದಿನಿಂದ ಒಂದು ಧ್ವನಿ ಬಂತು. "ಚೈನ್‌ಗೆ ಎಣ್ಣೆ ಜಾಸ್ತಿ ಆಯ್ತು ಅನ್ಸುತ್ತೆ."

"ಒಳಗೆ ಟೀ ಇಟ್ಟಿದ್ದೀನಿ," ಅಂದಳು ದೊಡ್ಡವಳು, ತಿರುಗಿ ನೋಡದೆ. "ಆರಿಹೋಗುತ್ತೆ, ಹೋಗಿ ಕುಡೀರಿ."