ಮೊರದ ಮೇಲೆ ಹರವಿದ ಗ್ಯಾಸು

ರಾಮನಗರದಲ್ಲಿ ಫ್ರಿಜ್ ಕೆಟ್ಟರೆ ಮೆಹಬೂಬನನ್ನೇ ಕರೆಯಬೇಕು. ಕರೆದ ದಿನವೇ ಬರುತ್ತಾನೆಂದು ಮಾತ್ರ ಯಾರೂ ಆಣೆ ಮಾಡಲಾರರು. ಬಂದವನು ಪೈಪು ಕತ್ತರಿಸಿ ಹಳೇ ಗ್ಯಾಸನ್ನು ಬುಸ್ಸೆಂದು ಗಾಳಿಗೆ ಬಿಡುತ್ತಿದ್ದ. ಸುತ್ತಮುತ್ತಲ ಮೆಕ್ಯಾನಿಕ್‌ಗಳೆಲ್ಲ ಮಾಡುತ್ತಿದ್ದುದೂ ಅದನ್ನೇ.

ಅದಕ್ಕೆ ಅಡ್ಡ ಬಂದವಳು ದಿವ್ಯ. ಪಕ್ಕದ ಕೈಲಾಂಚದ ರೇಷ್ಮೆ ಬೆಳೆಗಾರರ ಮನೆಯ ಹುಡುಗಿ, ಹಾರೋಹಳ್ಳಿ ಕಡೆಯ ಕಾಲೇಜೊಂದರಲ್ಲಿ ಸಂಶೋಧನೆ ಮಾಡುತ್ತಿದ್ದಳು. ಫ್ಲೋರಿನ್ ಬೆರೆತ ಆ ಗ್ಯಾಸು ಮೇಲೆ ಹೋದರೆ ಭೂಮಿಗೆ ಬೇಸಿಗೆಯಲ್ಲಿ ಕಂಬಳಿ ಹೊದಿಸಿದ ಹಾಗೆ ಎಂದು ತಿಳಿಸಿ ಹೇಳಿ, ಮೆಹಬೂಬನಿಗೂ ಚನ್ನಪಟ್ಟಣದ ಮೆಕ್ಯಾನಿಕ್ ಅಕ್ರಮ್‌ಗೂ ಒಂದೊಂದು ಸ್ಟೀಲ್ ಡಬ್ಬಿ ಕೊಟ್ಟಳು. ಒಳಗೆ ಮೆಣಸಿನಕಾಳಿನಂಥ ಇದ್ದಿಲ ಮಣಿಗಳು.

"ಇವುಗಳ ಮೈತುಂಬ ಕಣ್ಣಿಗೆ ಕಾಣದ ತೂತು ಮೆಹಬೂಬ್ ಭಾಯ್. ಪೈಪನ್ನ ಡಬ್ಬಿಗೆ ಸಿಕ್ಸಿದ್ರೆ ಗ್ಯಾಸು ತೂತಿನೊಳಗೆ ಹೋಗಿ ಕೂತ್ಕತದೆ. ತೇವ ಮಾತ್ರ ಆಗ್ಬಾರ್ದು."

ತಿಂಗಳ ಕೊನೆಗೆ ಯಾರು ಹೆಚ್ಚು ಗ್ಯಾಸು ಹಿಡಿದಿರುತ್ತಾರೋ ಅವರೇ ಉಳಿದ ಮೆಕ್ಯಾನಿಕ್‌ಗಳಿಗೆ ಪಾಠ ಹೇಳುವ ಮೇಷ್ಟ್ರು. ದಿವ್ಯಳ ಆ ಮಾತಿಗೆ ಮೆಹಬೂಬ ಬಿದ್ದೇಹೋದ. ಅರ್ಧಕ್ಕೆ ಶಾಲೆ ಬಿಟ್ಟವನಿಗೆ, ಒಮ್ಮೆಯಾದರೂ ಬೋರ್ಡಿನ ಮುಂದೆ ನಿಂತು ನಾಲ್ಕು ಜನರನ್ನು ಗದರಬೇಕೆಂಬ ಆಸೆ ಎದೆಯಲ್ಲಿ ಹಾಗೇ ಉಳಿದಿತ್ತು.

ಮನೆಯಲ್ಲಿ ಹೆಂಡತಿ ಖುರ್ಷಿದಾ ರೇಷ್ಮೆಗೂಡು ಬೇಯಿಸಿ ನೂಲು ತೆಗೆಯುತ್ತಾಳೆ. "ಈ ಮಣಿ ಮೈತುಂಬ ತೂತು, ಉಸಿರಾಡ್ತವೆ. ತೇವ ಆಗ್ದಂಗೆ ನೋಡ್ಕೋ" ಎಂದು ಡಬ್ಬಿಯನ್ನು ಅವಳ ವಶಕ್ಕೆ ಕೊಟ್ಟ.

ಉಸಿರಾಡುವುದನ್ನು ಯಾರಾದರೂ ಮುಚ್ಚಿಡುತ್ತಾರೆಯೇ? ಗೂಡನ್ನು ಮೂಟೆಯಲ್ಲೇ ಬಿಟ್ಟರೆ ಬೆವೆತು ಕೆಡುತ್ತದೆ, ತಂದ ಕೂಡಲೇ ಹರವಬೇಕು; ಇದು ಆ ಬೀದಿಯ ಮಕ್ಕಳಿಗೂ ಗೊತ್ತು. ಗಂಡ ಸಂಜೆ ಟೀ ಅಂಗಡಿಗೆ ಹೋದದ್ದೇ ಖುರ್ಷಿದಾ ಮುಚ್ಚಳ ತೆಗೆದು, ಮಣಿಗಳನ್ನು ಮೊರದ ಮೇಲೆ ಹರವಿ, ಬೆಚ್ಚಗಿರಲೆಂದು ಗೂಡು ಬೇಯಿಸುವ ಒಲೆಯ ಪಕ್ಕ ಇಡುತ್ತಿದ್ದಳು. ಅವನು ಬರುವಷ್ಟರಲ್ಲಿ ಮತ್ತೆ ತುಂಬಿಡುತ್ತಿದ್ದಳು. ಹೀಗೆ ಹಗಲು ಗಂಡ ಹಿಡಿದು ತಂದ ಗ್ಯಾಸನ್ನು ಸಂಜೆ ಹೆಂಡತಿ ಬಿಡುಗಡೆ ಮಾಡುತ್ತಿದ್ದಳು. ತೆರವಾದ ತೂತುಗಳಿಗೆ ಬೆಂದ ಹುಳುವಿನ ಹಬೆ ಬಂದು ಸಂಸಾರ ಹೂಡುತ್ತಿತ್ತು.

ತಿಂಗಳ ಕೊನೆಗೆ ಕಾಲೇಜಿನಲ್ಲಿ ತೂಗಿದರೆ ಮೆಹಬೂಬನ ಡಬ್ಬಿಯೇ ಭಾರ.

"ಏನ್ಲಾ, ಕಲ್ಲು ತುಂಬ್ಕಂಡು ಬಂದ್ಬುಟ್ಯಾ?" ಎಂದ ಅಕ್ರಮ್. ಮೆಹಬೂಬ ಆಗಲೇ ಮೇಷ್ಟ್ರಾಗಿದ್ದ. ಕಾಲರ್ ಸರಿಮಾಡಿಕೊಂಡ.

ಹಿಡಿದ ಗ್ಯಾಸನ್ನು ಹೊರಡಿಸಿ ಸಿಲಿಂಡರಿಗೆ ತುಂಬಲು ದಿವ್ಯ ಡಬ್ಬಿಯನ್ನು ಕಾಯಿಸಿದಳು. ಹೊರಟದ್ದು ಬೆಂದ ಹುಳುವಿನ ನಾತ. ಹಿರಿಯ ಪ್ರೊಫೆಸರರು ಮೂಗು ಮುಚ್ಚಿಕೊಂಡು ಎದ್ದುಹೋದರು. ಹೊರಗೆ ಮಲಗಿದ್ದ ನಾಯಿ ಬಾಲ ಅಲ್ಲಾಡಿಸುತ್ತ ಒಳಗೆ ಬಂತು. ದಿವ್ಯಳಿಗೆ ಆ ವಾಸನೆ ಹುಟ್ಟಿದಾಗಿನಿಂದ ಪರಿಚಯ.

"ಭಾಯ್, ಮನೇಲಿ ಇದರ ಮುಚ್ಚಳ ತೆಗೆದೋರು ಯಾರು?"

ಮನೆಯಲ್ಲಿ ಮೊರದ ಮೇಲೆ ಆಗಾಗ ಕಂಡಿದ್ದ ಕರಿ ಪುಡಿ ಮೆಹಬೂಬನಿಗೆ ಈಗ ನೆನಪಾಯಿತು. ಆದರೆ ಇಷ್ಟು ಜನರ ಮುಂದೆ ಖುರ್ಷಿದಾಳನ್ನು ನಗೆಪಾಟಲು ಮಾಡಲು ಅವನಿಗೆ ಮನಸ್ಸು ಬರಲಿಲ್ಲ.

"ನಾನೇ ಮೇಡಂ. ಗೂಡು ಹರವ್ದಂಗೆ ಹರವ್ಬುಟ್ಟೆ" ಎಂದು ತಲೆ ತಗ್ಗಿಸಿದ.

ದಿವ್ಯ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. "ಮುಚ್ಚಳ ತೆಗೀಬೇಡಿ ಅಂತ ನಾನೇ ಹೇಳ್ಲಿಲ್ವಲ್ಲ. ನಮ್ಮ ಕಡೆ ಮನೆಮನೇಲೂ ಗೂಡು ಹರವ್ತಾರೆ, ಎಲ್ರೂ ಹಿಂಗೇ ಮಾಡ್ತಾರೆ. ಹಿಡಿಯೋದನ್ನ ಅಕ್ರಮ್ ಭಾಯ್ ಹೇಳ್ಕೊಡ್ಲಿ. ಅದಕ್ಕೂ ಮುಂಚೆ, ಹಿಡಿದದ್ದು ಹೆಂಗೆ ಕಳೆದೋಯ್ತದೆ ಅಂತ ನೀವು ಹೇಳಿ. ಮೊದಲ್ನೇ ಪಾಠ ನಿಮ್ದೇ."

ಮೆಹಬೂಬ ಹಾರುತ್ತಲೇ ಮನೆಗೆ ಬಂದು ಎಲ್ಲವನ್ನೂ ಹೇಳಿದ. ಖುರ್ಷಿದಾ ನೂಲು ತೆಗೆಯುವುದನ್ನು ನಿಲ್ಲಿಸಿದಳು.

"ನನ್ನ ಹೆಸರು ಹೇಳಿದ್ರಾ?"

"ನಿನ್ನ ಮರ್ವಾದೆ ಕಳೀತೀನಾ? ನಾನೇ ಹರವ್ದೆ ಅಂದೆ."

ಅವಳು ಸೊಂಟಕ್ಕೆ ಕೈ ಕೊಟ್ಟು ಎದ್ದುನಿಂತಳು.

"ತಿಂಗಳೆಲ್ಲ ಸೊಂಟ ಬಗ್ಸಿ ಹರವ್ದೋಳು ನಾನು," ಎಂದಳು. "ಮೇಷ್ಟ್ರಾಗೋದು ನೀವಾ?"