ಯಾವುದಕ್ಕೆ ಮಾಫಿ

ನಾಹಿದ್‌ಳ ಮುರಿದ ಕಾಲಿಗೆ ರಾಡ್ ಹಾಕಿ ಮನೆಗೆ ಕಳಿಸಿದ ವಾರವೇ ಕಟ್ಟಡದ ಲಿಫ್ಟ್ ಕೆಟ್ಟು ನಿಂತಿತು. ಸ್ವೀಡನ್ನಿನ ವೆಸ್ಟೆರಾಸ್‌ನಲ್ಲಿ ಅವರದು ನಾಲ್ಕನೇ ಮಹಡಿ. ರಿಪೇರಿಯವರು ಬಂದು ನೋಡಿ ಹೋದವರು ಮತ್ತೆ ಮುಖ ತೋರಿಸಲಿಲ್ಲ. ಟ್ರಾನ್ಸ್‌ಫಾರ್ಮರ್ ಡಿಸೈನ್ ಮಾಡಿಕೊಂಡು ಊರೂರು ಸುತ್ತುತ್ತಿದ್ದ ಹೆಂಗಸಿಗೆ ಈಗ ಹಾಸಿಗೆ ಬಿಟ್ಟರೆ ಕಿಟಕಿ, ಕಿಟಕಿ ಬಿಟ್ಟರೆ ಹಾಸಿಗೆ.

ಅದಕ್ಕಿಂತ ಉಸಿರು ಕಟ್ಟಿಸುತ್ತಿದ್ದುದು ಗಂಡ ಮಾಜಿದ್‌ನ ಸೇವೆ. ರಜೆ ಹಾಕಿ ಮನೆಯಲ್ಲೇ ಉಳಿದಿದ್ದ. ಅಡುಗೆ ಮಾಡುವನು, ತಲೆ ಬಾಚುವನು, ಆಮೇಲೆ ಮಂಚದ ಬದಿಗೆ ಕೂತು ಅದೇ ಮಾತು: "ಮಾಫ್ ಮಾಡಿದೀಯಾ ತಾನೇ?"

ಕಾರು ಓಡಿಸುತ್ತಿದ್ದವನು ಅವನೇ. ಹಿಮಗಟ್ಟಿದ ರಸ್ತೆಯಲ್ಲಿ ಜಾರಿ ತಡೆಗೋಡೆಗೆ ಬಡಿಯಿತು ಎಂದು ಎಲ್ಲರಿಗೂ ಹೇಳಿದ್ದ. ಜಾರಿದ್ದೇನೋ ನಿಜ. ಆದರೆ ಅದಕ್ಕೂ ಮುಂಚೆ ಅವನ ತೊಡೆಯ ಮೇಲೆ ಫೋನ್ ಬೆಳಗಿದ್ದನ್ನು, ಅವನ ಕಣ್ಣು ಕೆಳಗಿಳಿದದ್ದನ್ನು ನಾಹಿದ್ ಕಂಡಿದ್ದಳು. ಬಾಯಿ ಬಿಟ್ಟಿರಲಿಲ್ಲ. ಎತ್ತಿ ಕೂರಿಸಲು ಅವನೇ ಬೇಕು, ಬಚ್ಚಲಿಗೆ ಹೋಗಲು ಅವನ ಹೆಗಲೇ ಬೇಕು. ಅಂಥವನ ಮೇಲೆ ಸಿಟ್ಟಾಗುವುದು ಹೇಗೆ? ದಾವಣಗೆರೆಯಿಂದ ಅಮ್ಮಿ ಫೋನಿನಲ್ಲಿ, "ಪುಣ್ಯ ಮಾಡಿದ್ದೆ ಕಣೇ, ಇಂಥ ಗಂಡ ಯಾರಿಗೆ ಸಿಗ್ತಾನೆ?" ಅನ್ನುತ್ತಿದ್ದಳು.

ಎದುರು ಮನೆಯ ಹಲೀನಾ, ಪೋಲೆಂಡಿನ ಮುದುಕಿ, ಒಂದು ಮಧ್ಯಾಹ್ನ ಬೀಟ್‌ರೂಟ್ ಸೂಪ್ ತಂದಳು. ಆಕೆಯ ಕೊರಳ ಪದಕದಲ್ಲಿ ಪೋಪ್ ಎರಡನೇ ಜಾನ್ ಪಾಲ್ ಚಿತ್ರ. ಅದನ್ನು ನೋಡಿ ಮಾಜಿದ್ ಸ್ವೀಡಿಷ್‌ನಲ್ಲಿ ನಗುತ್ತಾ ಅಂದ: "ನಿಮ್ಮ ಪೋಪ್ ಗುಂಡು ಹೊಡೆದವನನ್ನೇ ಕ್ಷಮಿಸಿದರಂತಲ್ಲ! ಇವಳಿಗೂ ಸ್ವಲ್ಪ ಹೇಳಿ." ಹಾಗಂದು ಅಂಗಡಿಗೆ ಹೊರಟ.

ಬಾಗಿಲು ಮುಚ್ಚಿದ್ದೇ ನಾಹಿದ್ ಗೋಡೆಯ ಕಡೆ ಮುಖ ತಿರುಗಿಸಿದಳು. ಸಂತರನ್ನೂ ಕರೆತಂದು ತನ್ನ ಮಂಚಕ್ಕೆ ಕಾವಲು ನಿಲ್ಲಿಸಿದನಲ್ಲ ಅನಿಸಿತು.

"ಅವರು ಇಲ್ಲಿಗೆ ಬಂದಾಗ ಸ್ಟಾಕ್‌ಹೋಮ್‌ನಲ್ಲಿ ನೋಡಿದ್ದೆ," ಅಂದಳು ಹಲೀನಾ. "ಆಗಿನ್ನೂ ಸಂತರಾಗಿರಲಿಲ್ಲ. ಸ್ವಲ್ಪ ಬಗ್ಗಿ ನಡೀತಿದ್ರು, ನಮ್ಮಪ್ಪನ ಥರ."

"ಅಷ್ಟು ಬೇಗ ಹೇಗೆ ಕ್ಷಮಿಸಿದ್ರು?"

"ಆಸ್ಪತ್ರೆಯಿಂದಲೇ ಹೇಳಿ ಕಳಿಸಿದ್ರು. ಎರಡು ವರ್ಷ ಆದಮೇಲೆ ತಾವಾಗಿ ಜೈಲಿಗೆ ಹೋಗಿ ಅವನ ಪಕ್ಕ ಕೂತ್ರು."

"ಅವನು ಗುಂಡು ತಾನಾಗಿ ಹಾರಿತು ಅಂದಿದ್ರೆ?"

ಹಲೀನಾ ಸೂಪಿನ ಬಟ್ಟಲು ಕೆಳಗಿಟ್ಟಳು. "ಹೇಗೆ ಅಂತಾನೆ? ಗುಂಡು ಹೊಡೆದದ್ದನ್ನ ಚೌಕದ ತುಂಬ ಜನ ನೋಡಿದ್ರಲ್ಲ." ಆಮೇಲೆ ಕೇಳಿದಳು: "ಕಾರಿನಲ್ಲಿ ನೀವಿಬ್ಬರೇ ಇದ್ರಾ?"

"ಇಬ್ಬರೇ."

ಮುದುಕಿಗೆ ಅರ್ಥವಾಯಿತು. ಅವಳ ಅಂಗೈಯನ್ನು ತನ್ನ ಕೈಯಲ್ಲಿ ಹಿಡಿದು ಕೂತಳು. ನಾಹಿದ್ ಅಪಘಾತವಾದ ಮೇಲೆ ಮೊದಲ ಸಲ ಗಟ್ಟಿಯಾಗಿ ಅತ್ತಳು. ಅತ್ತು ಮುಗಿಸಿ, "ನನ್ನನ್ನ ಹೊರಗೆ ಕರ್ಕೊಂಡು ಹೋಗಿ," ಅಂದಳು.

ಊರುಗೋಲುಗಳನ್ನು ಹಲೀನಾ ಹಿಡಿದುಕೊಂಡಳು. ನಾಹಿದ್ ಮೆಟ್ಟಿಲ ಮೇಲೆ ಕೂತು, ಕಾಲು ಮುಂದೆ ಚಾಚಿ, ಮಕ್ಕಳಂತೆ ಕುಂಡಿಯ ಮೇಲೆ ತೆವಳುತ್ತಾ ಇಳಿದಳು. ಕೆಳಗಿನ ಅಂಗಳದ ಬೆಂಚಿನಲ್ಲಿ ಕೂತಾಗ ಗಾಳಿ ಕೆನ್ನೆ ಕೊರೆಯಿತು. ಸುಖವಾಗಿತ್ತು. ಆದರೆ ಮತ್ತೆ ಮೇಲೆ ಹತ್ತಲು ಮೈಯಲ್ಲಿ ತ್ರಾಣವಿರಲಿಲ್ಲ.

ಅಂಗಡಿಯಿಂದ ಬಂದ ಮಾಜಿದ್ ಗಾಬರಿಯಾದ. "ಹುಚ್ಚೇನೇ ನಿಂಗೆ? ನಾನೇ ಕರ್ಕೊಂಡು ಬರ್ತಿರಲಿಲ್ವಾ?" ಚೀಲವನ್ನು ಹಲೀನಾಳಿಗೆ ಕೊಟ್ಟು ಹೆಂಡತಿಯನ್ನು ಎತ್ತಿಕೊಂಡು ಹತ್ತತೊಡಗಿದ. ಎರಡನೇ ಮಹಡಿಯಲ್ಲಿ ಏದುಸಿರು ಬಿಡುತ್ತಾ ನಿಂತ. "ನಾಹಿದ್, ಇನ್ನಾದ್ರೂ ಮಾಫ್ ಮಾಡು."

"ಯಾವುದಕ್ಕೆ?"

"ಅದೇ... ರಸ್ತೇಲಿ ಐಸ್..."

"ಐಸ್ ನೀನು ಹಾಕಿದ್ದಲ್ಲ ಮಾಜಿದ್. ಯಾವುದಕ್ಕೆ ಮಾಫಿ, ಹೇಳು."

ಅವನ ಎದೆ ಬಡಿಯುವುದು ಅವಳ ಪಕ್ಕೆಗೆ ತಾಗುತ್ತಿತ್ತು. ಅವಳನ್ನು ಮೆಲ್ಲಗೆ ಮೆಟ್ಟಿಲ ಮೇಲೆ ಕೂರಿಸಿ, ತಾನು ಎರಡು ಮೆಟ್ಟಿಲು ಕೆಳಗೆ ಕುಸಿದ.

"ಫೋನ್ ನೋಡ್ತಿದ್ದೆ," ಅಂದ. "ನೀನು ನೋಡಿಲ್ಲ ಅಂದ್ಕೊಂಡಿದ್ದೆ."

"ನೋಡಿದ್ದೆ. ಅಮ್ಮಿಗೂ ನೀನೇ ಹೇಳು."

ಅಂದು ಸಂಜೆ ಅಡುಗೆಮನೆಯಲ್ಲಿ ನಿಂತು ಅವನು ಅಮ್ಮಿಗೆ ಫೋನ್ ಮಾಡಿ ಹೇಳಿದ. ನಾಹಿದ್‌ಳ ಮನಸ್ಸಿನಲ್ಲಿ ಕ್ಷಮೆ ಇನ್ನೂ ಹುಟ್ಟಿರಲಿಲ್ಲ. ಹುಟ್ಟುತ್ತದೋ ಇಲ್ಲವೋ ಅವಳಿಗೇ ಗೊತ್ತಿರಲಿಲ್ಲ. ಆದರೆ ಸುಳ್ಳನ್ನು ಒಬ್ಬಳೇ ಕಾಯುವ ಕೆಲಸ ಮುಗಿದಿತ್ತು. ಹಸಿವಾಯಿತು. ಹಲೀನಾಳ ಸೂಪನ್ನು ಬಿಸಿ ಮಾಡಲು ಹೇಳಿದಳು.