ಮುಸುಕಿನೊಳಗಿನ ಕೈ

ಥೆಸ್ಪಿಯಾ ಊರಿನ ಮೇಲಿದ್ದ ಗುಹೆಯ ಘಟಸರ್ಪಕ್ಕೆ ವರ್ಷಕ್ಕೊಬ್ಬ ಹುಡುಗನನ್ನು ಕೊಡಬೇಕಿತ್ತು. ಯಾರ ಮನೆಯವನೆಂದು ಜ್ಯೂಸ್ ದೇವರ ಮುಂದೆ ಹೆಸರು ಬರೆದ ಮಡಕೆಚೂರು ಎತ್ತುತ್ತಿದ್ದರು. ತಮ್ಮ ಮನೆಯದು ಬರಲಿಲ್ಲವೆಂದರೆ ಸಾಕು, ಉಳಿದವರೆಲ್ಲ ಅವತ್ತೇ ಕುರಿ ಕೊಯ್ದು ಉಣ್ಣುತ್ತಿದ್ದರು. ಊರೆಂದರೆ ಹಾಗೇ ತಾನೆ!

ಈ ಸಲ ಬಂದದ್ದು ಕ್ಲಿಯೋಸ್ಟ್ರಾಟೋಸನ ಹೆಸರು. ವಿಧವೆ ನಿಕಾರೆತೆಗೆ ಇದ್ದವನು ಅವನೊಬ್ಬನೇ. ಪೂಜಾರಿಯ ಕಾಲು ಹಿಡಿದಳು, ನನ್ನನ್ನೇ ಕಳಿಸಿ ಎಂದು ಗೋಗರೆದಳು. ಮುದುಕಿ ಮಾಂಸ ಹಾವಿಗೆ ಬೇಕಿಲ್ಲವೆಂದು ಒಬ್ಬ ನಕ್ಕನಂತೆ, ಅವನ ಬಾಯಿಗೆ ಮಣ್ಣು ಬೀಳ.

ಹುಡುಗನಿಗೆ ಕೊನೆಯ ಸ್ನಾನ ಮಾಡಿಸಿ ಮುಸುಕು ಹಾಕುವುದು ಜೀವದ ಗೆಳೆಯನ ಹಕ್ಕು. ಗುಡಿಯ ಆ ಕೋಣೆಗೆ ಹೆತ್ತವಳೂ ಹೋಗುವಂತಿಲ್ಲ. ಗೆಳೆಯ ಹಿಂದೆ ಉಳಿದು, ಕೋಣೆ ತೊಳೆದು, ಸಂಜೆಗೆ ಮನೆ ಸೇರಬೇಕು. ಕ್ಲಿಯೋಸ್ಟ್ರಾಟೋಸನ ಜೀವದ ಗೆಳೆಯ ಕಂಚುಗಾರ ಮೆನೆಸ್ಟ್ರಾಟೋಸ್, ಪಕ್ಕದ ಮನೆ ಫಿಲಿನ್ನಳ ಮಗ.

ಬೆಳಿಗ್ಗೆ ತಲೆಯಿಂದ ಕಾಲಿನವರೆಗೆ ಬಿಳಿ ಮುಸುಕು ಹೊದ್ದ ಹುಡುಗ ಗುಡಿಯಿಂದ ಹೊರಬಂದು ಗುಡ್ಡ ಹತ್ತತೊಡಗಿದ. ಹಿಂದೆ ಊರಿಗೆ ಊರೇ ಹೊರಟಿತು. ಫಿಲಿನ್ನ ನಿಕಾರೆತೆಯ ರಟ್ಟೆ ಹಿಡಿದು ನಡೆಸುತ್ತಿದ್ದಳು.

"ಅತ್ತುಬಿಡು ಅಕ್ಕಾ. ಹೀಗೆ ಹಲ್ಲು ಕಚ್ಕೊಂಡಿದ್ರೆ ಎದೆ ಒಡೆದ್ಹೋಗುತ್ತೆ."

"ಕಣ್ಣೀರು ಬತ್ತೋಯ್ತು ಕಣೇ."

"ನನ್ ಮಗನೂ ಒಂಬತ್ತು ದಿನದಿಂದ ಕುಲುಮೆ ಬಿಟ್ಟು ಎದ್ದಿಲ್ಲ. ಅದ್ಯಾವ್ದೋ ಕವಚ ಬಡೀತಾನೆ, ಮೈತುಂಬ ಮೀನಿನ ಗಾಳ ಕೂರಿಸ್ತಾನೆ. ಗೆಳೆಯನ ಜತೆಗೆ ಬುದ್ಧೀನೂ ಹೋಯ್ತೇನೋ ಅಂತ ಇವತ್ತು ಬೆಳಿಗ್ಗೆ ಚೆನ್ನಾಗಿ ಬೈದೆ. ಬಾಯಿಗೊಂದು ಚೂರೂ ಹಾಕ್ದೆ ಎದ್ದೋದ."

ಗುಹೆಯ ಬಾಯಿ ಬಂತು. "ತಾಯಿ ತುತ್ತು ಕೊಡ್ಲಿ," ಎಂದ ಪೂಜಾರಿ. ಜೇನು ಹಾಕಿದ ಬಾರ್ಲಿ ರೊಟ್ಟಿ ಹಿಡಿದು ನಿಕಾರೆತೆ ಮುಂದೆ ಹೋದಳು. ಎರಡು ಕೈಯಲ್ಲೂ ಮಗನನ್ನು ಬಾಚಿ ತಬ್ಬಿದಳು.

ಹತ್ತು ಕಡೆ ಚುಚ್ಚಿತು. ಬಾಯಿಗೆ ಬಂದ "ಅಯ್ಯೋ" ಅಲ್ಲೇ ನಿಂತಿತು. ರೊಟ್ಟಿಗೆಂದು ಮುಸುಕಿನಿಂದ ಕೈ ಹೊರಬಂತು. ಕಪ್ಪು ಕೈ, ಬೆರಳ ತುಂಬ ಕಿಡಿ ಹಾರಿ ಸುಟ್ಟ ಕಲೆ.

"ದೊಡ್ಡಮ್ಮಾ, ಕೂಗ್ಬೇಡಿ," ಎಂದಿತು ಮುಸುಕು, ಪಿಸುದನಿಯಲ್ಲಿ. "ಅವ್ನನ್ನ ಗುಡಿಯೊಳಗೆ ಕಟ್ಹಾಕಿ ಬಂದಿದೀನಿ. ನಮ್ಮಮ್ಮಂಗೆ ಈಗ್ಲೇ ಹೇಳ್ಬೇಡಿ."

ಒಂದು ಮಾತು ಸಾಕಿತ್ತು. ನಿಕಾರೆತೆ ಒಂದೇ ಮಾತು ಆಡಿದ್ದರೆ ಪೂಜಾರಿಗಳು ಓಡಿಹೋಗಿ ಅವಳ ಮಗನನ್ನು ಎಳೆದು ತರುತ್ತಿದ್ದರು. ಆಗ ಅವಳಲ್ಲಿ ಮೊದಲು ಉಕ್ಕಿದ್ದು ಏನು ಗೊತ್ತೆ? ಸಂತೋಷ. ನನ್ನವನು ಬದುಕಿದ! ಎರಡನೆಯದು ಭಯ, ಫಿಲಿನ್ನ ಮೂರೇ ಹೆಜ್ಜೆ ಹಿಂದಿದ್ದಳು. ಈ ಕೈ ಅವಳ ಕಣ್ಣಿಗೆ ಬಿದ್ದರೆ? ನಿಕಾರೆತೆ ತನ್ನ ಹೊದಿಕೆಯ ಅಂಚನ್ನು ಆ ಕೈಯ ಮೇಲೆ ಎಳೆದು ಮುಚ್ಚಿದಳು. "ತಿನ್ನು ಮಗಾ," ಎಂದಳು, ಎಲ್ಲರಿಗೂ ಕೇಳುವಂತೆ.

ಹುಡುಗ ಗುಹೆಯೊಳಗೆ ನಡೆದ.

"ಏನಂದ ಅಕ್ಕಾ?" ಫಿಲಿನ್ನ ಬಿಕ್ಕುತ್ತ ಕೇಳಿದಳು.

"ಹೋಗ್ಬರ್ತೀನಿ ಅಂದ."

ಆಮೇಲೆ ಎದ್ದ ಸದ್ದು ಹಿಂದೆಂದೂ ಯಾರೂ ಕೇಳಿರದಂಥದ್ದು. ಗುಡ್ಡ ನಡುಗಿತು, ಕಲ್ಲುಗಳು ಉರುಳಿದವು, ಜನ ಹೋ ಎಂದು ಚೆದುರಿದರು. ಬಹಳ ಹೊತ್ತಿನ ಮೇಲೆ ಎಲ್ಲ ಸ್ತಬ್ಧವಾಯಿತು. ಕೊಡಲಿ ಹಿಡಿದು ಒಳಹೊಕ್ಕವರು ಕುಣಿಯುತ್ತ ಹೊರಬಂದರು.

"ಸತ್ತೈತೆ! ಸತ್ತೈತೆ ಕಣ್ರೋ! ಗಂಟಲ ತುಂಬ ಗಾಳ ಕಚ್ಕೊಂಡೈತೆ!"

ಹಾವಿನ ಹೊಟ್ಟೆ ಸೀಳಿ ಹೆಣ ತೆಗೆದರು. ಹಲಗೆಯ ಮೇಲೆ ಮಲಗಿಸಿ, ಮುಖಕ್ಕೆ ಅಂಟಿಕೊಂಡಿದ್ದ ರಕ್ತದ ಮುಸುಕನ್ನು ಸರಿಸದೆ ಹಾಗೇ ತಂದಿಟ್ಟರು. ಊರು ಕೇಕೆ ಹಾಕುತ್ತಿತ್ತು. ಗಾಳವೆಂಬ ಮಾತು ಫಿಲಿನ್ನಳ ಕಿವಿಗೂ ಬಿದ್ದಿತ್ತು.

"ನೋಡಿದ್ಯಾ ಅಕ್ಕಾ, ನನ್ ಮಗನ ಕವಚನೇ ಹಾಕ್ಕೊಂಡೋಗಿದಾನೆ ನಿನ್ ಮಗ! ನಾನು ಪಾಪಿ, ಸುಮ್ನೆ ಬೈದ್ಬಿಟ್ಟೆ." ಅವಳು ತಂಬಿಗೆ ನೀರು ತೆಗೆದುಕೊಂಡಳು. "ನೀನು ನೋಡ್ಬೇಡ. ಹೆತ್ತ ಕರುಳು ತಡೆಯಲ್ಲ. ಮುಖ ನಾನು ತೊಳೀತೀನಿ."

"ಬೇಡ ಫಿಲಿನ್ನ. ಬೇಡ್ವೇ," ಎಂದು ನಿಕಾರೆತೆ ಅವಳ ಕೈ ಹಿಡಿದುಕೊಂಡಳು.

ಫಿಲಿನ್ನ ಮೆಲ್ಲಗೆ ಕೈ ಬಿಡಿಸಿಕೊಂಡು ಹೋಗಿ ಮುಸುಕು ಸರಿಸಿದಳು.

ತಂಬಿಗೆ ಓರೆಯಾಗಿ ನೀರೆಲ್ಲ ಕಾಲ ಮೇಲೆ ಸುರಿಯಿತು, ಗೊತ್ತೇ ಆಗಲಿಲ್ಲ. ಆಮೇಲೆ ತಿರುಗಿದಳು.

"ನಿಂಗೆ ಗೊತ್ತಾಗಿತ್ತು ಅಲ್ವಾ?"

ನಿಕಾರೆತೆ ಅಲ್ಲಗಳೆಯಬಹುದಿತ್ತು. ಗೆಳತಿಯ ಮುಖ ನೋಡಿ ಅವಳಿಗೆ ಅದೂ ಆಗಲಿಲ್ಲ.

"ಗೊತ್ತಾಗಿತ್ತು."

ಈಗ ಹೊಡೆಯುತ್ತಾಳೆ, ಶಾಪ ಹಾಕುತ್ತಾಳೆ ಎಂದು ತಲೆ ಬಗ್ಗಿಸಿ ನಿಂತಳು. ಫಿಲಿನ್ನ ಎರಡೂ ಮಾಡಲಿಲ್ಲ. ಹತ್ತಿರ ಬಂದು ಅವಳ ಗಲ್ಲ ಹಿಡಿದೆತ್ತಿದಳು.

"ರೊಟ್ಟಿ ಕೊಟ್ಟೆಯಲ್ಲ," ಎಂದಳು. "ತಿಂದ್ನಾ?"